ಗುಲಾಬಿ ಬಣ್ಣ ಬಂದ ಮೇಲೆ

ಬಿ.ಎಸ್ಸಿ. ಮುಗಿಸುತ್ತಿರುವ ಮಕ್ಕಳು ಬಂದು ಮೊದಲು ಕೇಳುವುದು, ‘ಮೇಡಂ, ಫೊರೆನ್ಸಿಕ್‌ನಲ್ಲಿ ಎಂ.ಎಸ್ಸಿ. ಮಾಡಿದರೆ ಕೆಲಸ ಸಿಗುತ್ತದಾ?’ ಎಂದು. ಕೇಳಬೇಕಾದ ಪ್ರಶ್ನೆಯೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ಇದಕ್ಕೆ ಸಿದ್ಧವಾಗಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಪ್ರತಿ ಜಿಲ್ಲೆಗೂ ಕಲಿತವರು ಬೇಕು. ಓದಲು ದೂರ ಹೋಗಬೇಕೆಂದೂ ಇಲ್ಲ: ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡದಲ್ಲೂ ಕ್ಯಾಂಪಸ್ ತೆರೆದಿದೆ.

ಆದರೆ ಈ ಎರಡು ವರ್ಷ ಏನು ಕಲಿಸುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಹೇಳಬೇಕೆನಿಸುವುದು ಅದನ್ನೇ.

ಸಿರಾಲಜಿ ಪ್ರಾಕ್ಟಿಕಲ್‌ನಲ್ಲಿ ಕ್ಯಾಸಲ್–ಮೇಯರ್ ಪರೀಕ್ಷೆ ಮಾಡಿಸುತ್ತೇನೆ. ಮಟನ್ ಅಂಗಡಿಯಿಂದ ತಂದ ಕುರಿ ರಕ್ತವನ್ನು ಬಟ್ಟೆಗೆ ಹಚ್ಚಿ ಒಣಗಿಸಿರುತ್ತೇವೆ. ಒದ್ದೆ ಹತ್ತಿಯಿಂದ ಕಲೆಯನ್ನು ಉಜ್ಜಿ, ಅದಕ್ಕೆ ಬಣ್ಣ ಕಳೆದ ಫಿನಾಲ್ಫ್ಥಲೀನ್ ಒಂದು ಹನಿ ಹಾಕಬೇಕು. ಆಮೇಲೆ ಕೈಕಟ್ಟಿ ನಿಲ್ಲಬೇಕು. ಈ ಹಂತದಲ್ಲೇ ಬಣ್ಣ ಬಂದರೆ ಅಲ್ಲಿ ಬೇರೆ ರಾಸಾಯನಿಕದ ಕೈವಾಡವಿದೆ, ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಬಣ್ಣ ಬಾರದಿದ್ದರೆ ಮಾತ್ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ. ತಕ್ಷಣ ಹತ್ತಿ ಕಡು ಗುಲಾಬಿಯಾಗುತ್ತದೆ. ರಕ್ತದ ಹೀಮ್ ಆ ಕ್ರಿಯೆಗೆ ವೇಗ ಕೊಡುತ್ತದೆ, ಅದಕ್ಕೇ ಬಣ್ಣ.

‘ರಕ್ತ!’ ಎಂದು ಮಕ್ಕಳು ಕೂಗುತ್ತಾರೆ. ಆಗ ಮೂಲಂಗಿ ತುಂಡು ಉಜ್ಜಿದ ಹತ್ತಿ ಕೊಡುತ್ತೇನೆ. ಅದೂ ಗುಲಾಬಿಯಾಗಬಹುದು. ಗಿಡಗಳ ಪೆರಾಕ್ಸಿಡೇಸ್ ಕಿಣ್ವವೂ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಗುಲಾಬಿ ಬಂದರೆ ‘ರಕ್ತ ಇರಬಹುದು’ ಎನ್ನಬಹುದು, ಅಷ್ಟೆ. ರಕ್ತವೇ ಹೌದೆನ್ನಲು ಸೂಕ್ಷ್ಮದರ್ಶಕದಡಿ ಟಕಯಾಮ ಹರಳು ಕಾಣಬೇಕು. ಮನುಷ್ಯನದೋ ಕುರಿಯದೋ ಎನ್ನಲು ಇನ್ನೊಂದು ಪರೀಕ್ಷೆ. ಯಾರದು ಎನ್ನಲು ಡಿಎನ್‌ಎ. ಒಂದೊಂದು ಪರೀಕ್ಷೆ ಎಷ್ಟು ಹೇಳುತ್ತದೋ ಅಷ್ಟೇ ಹೇಳುವುದನ್ನು ಕಲಿಯಲು ನಾಲ್ಕು ಸೆಮಿಸ್ಟರ್ ಬೇಕು. ನನ್ನ ಮಟ್ಟಿಗೆ ಈ ಕೋರ್ಸಿನ ಜೀವಾಳವೇ ಅದು.

ನಮ್ಮೂರು ಹಾವೇರಿ ಕಡೆ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಸತ್ತವರ ಸುದ್ದಿ ಕೇಳುತ್ತಲೇ ಬೆಳೆದವಳು ನಾನು. ಅದಕ್ಕೇ ವಿಷವಿಜ್ಞಾನ ಆರಿಸಿಕೊಂಡೆ. ಮರಣೋತ್ತರ ಪರೀಕ್ಷೆಯಲ್ಲಿ ಜಠರ, ಸಣ್ಣ ಕರುಳು, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ತೆಗೆದು ಬಾಟಲಿಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೆಡದಂತೆ ಹಾಕುವುದು ಸಾಮಾನ್ಯ ಉಪ್ಪಿನ ಗಟ್ಟಿ ದ್ರಾವಣ. ಅದರ ಬದಲು ಫಾರ್ಮಲಿನ್ ಹಾಕಿದರೆ ಅಂಗಾಂಶ ಗಡುಸಾಗಿ ವಿಷವನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ರಕ್ತದಲ್ಲಿ ಮದ್ಯದ ಪ್ರಮಾಣ ನೋಡಬೇಕಾದರೆ ಸೋಡಿಯಂ ಫ್ಲೋರೈಡ್ ಹಾಕಬೇಕು. ಎಷ್ಟೇ ದುಬಾರಿ ಯಂತ್ರವಿದ್ದರೂ ಬಾಟಲಿಗೆ ತಪ್ಪು ದ್ರಾವಣ ಬಿದ್ದರೆ ಉತ್ತರ ಅಲ್ಲೇ ಕೆಡುತ್ತದೆ.

ವರದಿಯಲ್ಲಿ ‘ವಿಷ ಕಂಡುಬಂದಿಲ್ಲ’ ಎಂದಿದ್ದರೆ ಮನೆಯವರು ‘ವಿಷವೇ ಇರಲಿಲ್ಲ’ ಎಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಹಲವು ದಿನ ಚಿಕಿತ್ಸೆ ಪಡೆದು ತೀರಿಕೊಂಡವರ ದೇಹದಿಂದ ವಿಷ ಹೊರಹೋಗಿರಬಹುದು, ಒಡೆದು ಬೇರೆಯಾಗಿರಬಹುದು. ಇದನ್ನು ಕೋರ್ಟಿನಲ್ಲಿ ಪಾಟೀಸವಾಲಿನ ನಡುವೆ ನೆಟ್ಟಗೆ ನಿಂತು ವಿವರಿಸಲು ಬರಬೇಕು. ಹಾಗಾಗಿಯೇ ವಿಜ್ಞಾನದ ಜೊತೆ ಕಾನೂನಿನ ಪತ್ರಿಕೆಯೂ ಇರುತ್ತದೆ. ಆ ಪಾಠದಲ್ಲಿ ನಾನು ತಪ್ಪದೆ ಹೇಳುವುದು 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಪ್ರಯೋಗಾಲಯದಲ್ಲಿ ಮಾಡಲು ಬರುವುದೆಲ್ಲ ಮಾಡಬಹುದಾದದ್ದಲ್ಲ ಎಂಬುದು ವಿದ್ಯಾರ್ಥಿಗೆ ಮೊದಲೇ ತಿಳಿದಿರಬೇಕು.

ಸೈಬರ್, ದಸ್ತಾವೇಜು, ಬಂದೂಕು–ಗುಂಡು, ಬೆರಳಚ್ಚು ಎಲ್ಲವೂ ಪಠ್ಯದಲ್ಲಿವೆ. ಎರಡನೇ ವರ್ಷ ಸಾಮಾನ್ಯವಾಗಿ ಒಂದನ್ನು ಆರಿಸಿಕೊಳ್ಳಬೇಕು. ಬೆರಳಚ್ಚು ಆರಿಸಿದವರಿಗೆ 1897ರ ಕಲ್ಕತ್ತಾ ಬ್ಯೂರೋ ಮತ್ತು ಅಲ್ಲಿ ದುಡಿದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಹೆಸರು ಗೊತ್ತಿರಲಿ. ವರ್ಗೀಕರಣ ಪದ್ಧತಿಗೆ ಅವರ ಮೇಲಧಿಕಾರಿ ಹೆನ್ರಿಯ ಹೆಸರು ಬಂತು; ಲೆಕ್ಕ ಹಾಕಿ ಅದನ್ನು ಕಟ್ಟಿದವರಲ್ಲಿ ಈ ಇಬ್ಬರಿದ್ದರು.

ಸೇರುವ ಮುಂಚೆ ಕಾಲೇಜಿನ ಲ್ಯಾಬ್ ನೋಡಿ. ಜಾಹೀರಾತಿನ ಚಿತ್ರ ಸಾಲದು. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ನಡೆಯುತ್ತಿದೆಯೇ, ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ, ಪ್ರಾಜೆಕ್ಟ್‌ಗೆ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆಯೇ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ. ಬಿ.ಎಸ್ಸಿ.ಯ ರಸಾಯನಶಾಸ್ತ್ರ ಮರೆತಿದ್ದರೆ ರಜೆಯಲ್ಲೇ ತಿರುವಿಹಾಕಿ. ಮೊದಲ ಸೆಮಿಸ್ಟರ್‌ನಿಂದಲೇ ಅದು ಬೇಕಾಗುತ್ತದೆ.