ಸಿಂಹದ ಗರ್ಜನೆ ಮತ್ತು ಊರಿನ ನೆನಪು

ಮೈಸೂರಿನ ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಸುಮಾರು 10 ಎಕರೆ ನೆಲದಲ್ಲಿ ಆರಂಭವಾಯಿತು. ಅದಕ್ಕೆ ಚಾಮರಾಜೇಂದ್ರರ ಹೆಸರನ್ನಿಟ್ಟುದು 1909ರಲ್ಲಿ. 1948ರಲ್ಲಿ ಅದು ಅರಮನೆಯಿಂದ ಸರ್ಕಾರದ ಕೈಗೆ ಬಂದಿತು. 1972ರಲ್ಲಿ ಅರಣ್ಯ ಇಲಾಖೆಗೆ ಸೇರಿತು. ಇಷ್ಟು ಕಡತಗಳಿಂದ ತಿಳಿಯುತ್ತದೆ. ಆದರೆ ಯಾವ ಆನೆ ಯಾರ ದನಿಗೆ ಕಿವಿ ನಿಮಿರಿಸುತ್ತಿತ್ತು, ಹುಲಿಯ ಕಾಯಿಲೆಯನ್ನು ಕಾವಲುಗಾರನು ಯಾವ ಗುರುತಿನಿಂದ ಮೊದಲೇ ಅರಿಯುತ್ತಿದ್ದನು ಎಂಬಂತಹ ಸಂಗತಿಗಳು ಕಡತಕ್ಕೆ ಏರುವುದು ಅಪರೂಪ. ಅವು ಕೆಲವು ಹಿರಿಯರ ನೆನಪಿನಲ್ಲಿವೆ. ನಾವು ಕೇಳದಿದ್ದರೆ ಅವರೊಡನೆಯೇ ಹೋಗುತ್ತವೆ.

ಇವನ್ನು ಸಂಗ್ರಹಿಸುವುದು ಚರಿತ್ರೆಯವರ ಕೆಲಸವೆಂದು ವಿಜ್ಞಾನದ ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ನೆನಪೂ ಒಂದು ವೀಕ್ಷಣೆಯೇ. ಪ್ರಯೋಗಶಾಲೆಯ ಅಳತೆಯಂತೆ ಅದರಲ್ಲಿಯೂ ದೋಷವುಂಟು, ಪರೀಕ್ಷೆಗೂ ಅವಕಾಶವುಂಟು.

ಮೃಗಾಲಯದಿಂದ ಮೂರು ಕಿಲೋಮೀಟರು ದೂರದಲ್ಲಿ ಬೆಳೆದ ಅಜ್ಜಿಯೊಬ್ಬರು, "ರಾತ್ರಿ ಮಲಗಿದ್ದಾಗ ಸಿಂಹ ಗರ್ಜಿಸುವುದು ಕೇಳುತ್ತಿತ್ತು ಮಗು" ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ನಂಬಬಹುದೆ? ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ವೇಗವು ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಏರುತ್ತದೆ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿಯೂ ಮೇಲಿನದು ತಂಪಾಗಿಯೂ ಇರುವುದರಿಂದ ಧ್ವನಿತರಂಗಗಳು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ವಿಕಿರಣದಿಂದ ಕಳೆದುಕೊಂಡು ತಣ್ಣಗಾಗುತ್ತದೆ. ಆಗ ಕೆಳಗೆ ತಂಪು, ಮೇಲೆ ಬೆಚ್ಚಗೆ. ತರಂಗಗಳು ನೆಲದ ಕಡೆಗೆ ಬಾಗಿ ಬಹುದೂರ ಸಾಗುತ್ತವೆ. ಸಿಂಹವು ಹೆಚ್ಚಾಗಿ ಗರ್ಜಿಸುವುದೂ ರಾತ್ರಿ ಮತ್ತು ನಸುಕಿನಲ್ಲಿಯೇ. ಬಯಲುನಾಡಿನಲ್ಲಿ ಅದರ ಗರ್ಜನೆ ಸುಮಾರು 8 ಕಿಲೋಮೀಟರು ದೂರಕ್ಕೆ ಕೇಳಿಸಬಲ್ಲದು. ಮೋಟಾರುಗಳ ಸದ್ದಿಲ್ಲದ ಹಿಂದಿನ ಮೈಸೂರಿನಲ್ಲಿ ಅಜ್ಜಿಯ ಮಾತು ಅಸಾಧ್ಯವೇನಲ್ಲ.

ಅಸಾಧ್ಯವಲ್ಲದ್ದೆಲ್ಲ ನಡೆದದ್ದೇ ಎನ್ನಲಾಗದಷ್ಟೆ! ಆದುದರಿಂದ ಮುಂದೆ ಕೇಳಬೇಕು. "ಚಳಿಗಾಲದಲ್ಲಿ ಹೆಚ್ಚು ಕೇಳುತ್ತಿತ್ತಲ್ಲವೆ?" ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತಾಯಿತು. "ಯಾವಾಗ ಕೇಳುತ್ತಿತ್ತು?" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಭೌತಶಾಸ್ತ್ರವನ್ನೇ ಓದದ ಅಜ್ಜಿ ತಾವಾಗಿ "ಧನುರ್ಮಾಸದಲ್ಲಿ, ಬೆಳಗಿನ ಜಾವ" ಎಂದರೆ ಆ ನೆನಪಿನ ಬೆಲೆ ಬಹಳ ಹೆಚ್ಚುತ್ತದೆ.

ಇಸವಿಯ ವಿಷಯದಲ್ಲಿ ನೆನಪು ದುರ್ಬಲ, ಘಟನೆಯ ವಿಷಯದಲ್ಲಿ ಅಷ್ಟಲ್ಲ. ಪೋಲೋ ಎಂಬ ಗೊರಿಲ್ಲಾ ಇಲ್ಲಿಗೆ ಬಂದುದು 1995ರಲ್ಲಿ, ಸತ್ತುದು 2014ರಲ್ಲಿ. ಅದನ್ನು ಹೆಸರು ಹಿಡಿದು ಹೇಳುವವರ ಭೇಟಿಯ ಕಾಲ ಈ ಎರಡರ ನಡುವೆ ಸಿಕ್ಕಿತು. ಆಗ ಯಾವ ತರಗತಿಯಲ್ಲಿದ್ದಿರಿ ಎಂದು ಕೇಳಿದರೆ ಇನ್ನಷ್ಟು ಬಿಗಿಯಾಗುತ್ತದೆ. ಒಂದೇ ಮನೆಯ ಮೂವರು ತಾಯಿಯ ಬಾಯಿಂದ ಕೇಳಿದ್ದನ್ನು ಹೇಳಿದರೆ ಸಾಕ್ಷಿ ಮೂರಲ್ಲ, ಒಂದೇ. ತಪ್ಪೆಂದು ತೋರಿದ್ದನ್ನೂ ಹೇಳಿದ ಮಾತಿನಲ್ಲಿಯೇ ಬರೆದುಕೊಂಡು, ನಮ್ಮ ಸಂಶಯವನ್ನು ಅಂಚಿನಲ್ಲಿ ಗುರುತಿಸಿದರೆ ಸಾಕು.

ನಗರದ ನಕ್ಷೆಯೊಂದನ್ನು ತೆಗೆದುಕೊಂಡು, ಗರ್ಜನೆ ಕೇಳುತ್ತಿತ್ತೆಂದ ಪ್ರತಿಯೊಂದು ಮನೆಗೂ ಕೆಂಪು ಚುಕ್ಕೆಯಿಡಿರಿ. ಇಟ್ಟಿಗೆಗೂಡು, ನಜರ್‌ಬಾದುಗಳಿಂದ ಆರಂಭಿಸಬಹುದು. ಅವು ಮೃಗಾಲಯಕ್ಕೆ ಹತ್ತಿರ. ಎಂದೂ ಕೇಳಲಿಲ್ಲವೆಂದವರನ್ನು ಬಿಡಬೇಡಿರಿ. ಅವರ ಮನೆಗಳಿಗೆ ನೀಲಿ ಚುಕ್ಕೆ.