ನಾಯಿಯ ಮದ್ದು ಬೆಕ್ಕಿಗೆ ವಿಷ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಹಟ್ಟಿಯ ಹಸು, ಅಂಗಳದ ನಾಯಿ, ಅಡುಗೆಮನೆಯ ಬೆಕ್ಕು ಒಟ್ಟಿಗೆ ಬಾಳುತ್ತವೆ. ಚಿಗಟ, ಉಣ್ಣಿಗಳ ಕಾಟ ಎಲ್ಲಕ್ಕೂ ಉಂಟು. ಆದರೆ ಎಲ್ಲಕ್ಕೂ ಒಂದೇ ಔಷಧ ಸಲ್ಲದು.

ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ದನಗಳ ಉಣ್ಣಿಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಅದೇ ವರ್ಗದವು. ಇವನ್ನು ವಿಘಟಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಆದಕಾರಣ ಕಿವಿ, ಮುಖಗಳ ಅದುರುವಿಕೆ, ಜೊಲ್ಲು, ತೂರಾಟ, ಮೈನಡುಕ, ಸೆಳವು ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಎರಡು-ಮೂರು ದಿನಗಳ ತರುವಾಯ ತೋರುತ್ತವೆ. ಮದ್ದು ಹಚ್ಚಿದ ನಾಯಿಯ ಮೈಗೊರಗಿ ಮಲಗಿದ ಬೆಕ್ಕಿಗೂ ಅಪಾಯವುಂಟು.

ಸೆಳವಿಲ್ಲದಿದ್ದರೆ ಕೂಡಲೇ ಉಗುರುಬೆಚ್ಚನೆಯ ನೀರು ಹಾಗೂ ಪಾತ್ರೆ ತೊಳೆಯುವ ಸೌಮ್ಯ ದ್ರಾವಣದಿಂದ ಬೆಕ್ಕಿನ ಮೈ ತೊಳೆಯಬೇಕು. ಬಿಸಿನೀರು ಬೇಡ; ಅದರಿಂದ ಚರ್ಮವು ವಿಷವನ್ನು ಹೆಚ್ಚು ಹೀರುತ್ತದೆ. ಬಳಿಕ ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ, ಮೈ ನೆಕ್ಕದಂತೆ ನೋಡಿಕೊಳ್ಳಬೇಕು. ಹಾಲು, ಎಣ್ಣೆ, ಕಷಾಯ ಕುಡಿಸಬಾರದು, ವಾಂತಿ ಮಾಡಿಸಬಾರದು. ಸೆಳವಿದ್ದರೆ ತೊಳೆಯುತ್ತ ಹೊತ್ತು ಕಳೆಯದೆ, ಔಷಧದ ಪೊಟ್ಟಣದೊಡನೆ ಪಶುವೈದ್ಯರಲ್ಲಿಗೆ ಧಾವಿಸಬೇಕು. ಪಶುವೈದ್ಯ ಸಹಾಯವಾಣಿ 1962.

ಈ ವಿಷಕ್ಕೆ ಪ್ರತಿವಿಷವಿಲ್ಲ. ನಡುಕ ತಡೆಯುವ ಔಷಧ, ಡ್ರಿಪ್, ಮೈಶಾಖದ ನಿಗಾ ಇವೇ ಚಿಕಿತ್ಸೆ. ಸಕಾಲದಲ್ಲಿ ದೊರೆತರೆ ಬಹುಪಾಲು ಬೆಕ್ಕುಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಮನೆಗೆ ಬಂದ ಮೇಲೆ ಗದ್ದಲವಿಲ್ಲದ ಮಬ್ಬು ಕೋಣೆಯೂ ಹತ್ತಿರದಲ್ಲೇ ನೀರೂ ಇರಲಿ.

ನಾಯಿಯ ಮದ್ದನ್ನು ಅಳತೆ ತಗ್ಗಿಸಿ ಬೆಕ್ಕಿಗೆ ಹಾಕಬಹುದೆಂಬ ಎಣಿಕೆ ತಪ್ಪು. ‘ಬೆಕ್ಕುಗಳಿಗೆ’ ಎಂದು ಮುದ್ರಿತವಾದುದನ್ನೇ ವೈದ್ಯರನ್ನು ಕೇಳಿ ಬಳಸಿರಿ.