ಸವೆದ ಎಂಜಿನ್ ಬೋರು: ಗುಜರಿಗೆ ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಪೈವಳಿಕೆ: ಅಡಿಕೆ ತೋಟಕ್ಕೆ ಮದ್ದು ಬಿಡುವ ಹೊತ್ತಿಗೇ ಎಂಜಿನ್ ಕೈಕೊಡುವುದು ಈ ಭಾಗದ ಕೃಷಿಕರಿಗೆ ಹೊಸ ಸಂಗತಿಯಲ್ಲ. ಕೊಳೆರೋಗ ತಡೆಯಲು ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಅನಂತರ 40-45 ದಿನಗಳಲ್ಲಿ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮಳೆ ಬಿಟ್ಟ ಎರಡು ದಿನ ಸಿಕ್ಕಿತು, ಮರ ಹತ್ತುವವರೂ ಬಂದರು, ಸ್ಪ್ರೇಯರಿನ ಎಂಜಿನ್ ಮಾತ್ರ ಹೊಗೆ ಉಗುಳಿ ನಿಂತಿತು ಎಂದಾದರೆ ಹೋಗುವುದು ಬರೇ ರಿಪೇರಿಯ ಹಣವಲ್ಲ, ಆ ವರ್ಷದ ಫಸಲಿನ ಒಂದು ಪಾಲು.

ಪೈವಳಿಕೆ, ಬಾಯಾರು, ಚಿಪ್ಪಾರು ಕಡೆಗಳಲ್ಲಿ ಕರೆಂಟಿನ ಪಂಪು ಬಂದ ಮೇಲೆ ಎಂಜಿನಿನ ಕೆಲಸ ಕಡಿಮೆಯಾಗಿದೆ ನಿಜ. ಆದರೆ ಲೈನು ಹೋಗದ ಗುಡ್ಡದ ತೋಟಕ್ಕೆ, ಕರೆಂಟು ಕೈಕೊಟ್ಟ ದಿನಕ್ಕೆ, ಮದ್ದಿನ ಸ್ಪ್ರೇಯರಿಗೆ, ಹುಲ್ಲು ಕೊಚ್ಚುವ ಯಂತ್ರಕ್ಕೆ ಇಂದಿಗೂ ಎಂಜಿನೇ ಬೇಕು. ಅದು ಸವೆದಾಗ ಅಂಗಡಿಯವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: "ಇದು ಮುಗಿಯಿತು, ಹೊಸತು ತೆಗೆದುಕೊಳ್ಳಿ." ಎಲ್ಲ ಸಂದರ್ಭಗಳಲ್ಲೂ ಅದು ಸರಿಯಲ್ಲ. ಹಾಗೆಂದು ಹಳತನ್ನೇ ರಿಪೇರಿ ಮಾಡಿಸುತ್ತಾ ಹೋಗುವುದೂ ಯಾವಾಗಲೂ ಲಾಭವಲ್ಲ. ಯಾವುದು ಸರಿ ಎಂದು ತೀರ್ಮಾನಿಸಲು ಎಂಜಿನಿನ ಒಳಗೆ ಏನಾಗುತ್ತದೆ ಎಂಬುದು ಗೊತ್ತಿರಬೇಕು.

ಒಂದು ಗಂಟೆಗೆ 20 ಕಿಲೋಮೀಟರ್

ನೀರೆತ್ತಲು ಬಳಸುವ 5 ಅಶ್ವಶಕ್ತಿಯ ಡೀಸೆಲ್ ಎಂಜಿನನ್ನೇ ತೆಗೆದುಕೊಳ್ಳೋಣ. ಇಂಥ ಎಂಜಿನಿನಲ್ಲಿ ಸಾಮಾನ್ಯವಾಗಿ ಬೋರಿನ ಅಗಲ 80 ಮಿಲಿಮೀಟರ್, ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ 110 ಮಿಲಿಮೀಟರ್, ವೇಗ ನಿಮಿಷಕ್ಕೆ 1500 ಸುತ್ತು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಲೆಕ್ಕ ಹಾಕಿದರೆ ಒಂದು ಗಂಟೆಯಲ್ಲಿ ಪಿಸ್ಟನ್ನಿನ ರಿಂಗು ಬೋರಿನ ಗೋಡೆಗೆ ಉಜ್ಜಿಕೊಂಡು ಸುಮಾರು 20 ಕಿಲೋಮೀಟರ್ ಓಡುತ್ತದೆ. ದಿನಕ್ಕೆ ಐದು ಗಂಟೆ ನೀರು ಬಿಟ್ಟರೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬಂದಷ್ಟು ದೂರ. ಇಷ್ಟು ಓಡಿದರೂ ವರ್ಷಗಟ್ಟಲೆ ಬಾಳುವುದಕ್ಕೆ ಕಾರಣ ರಿಂಗಿಗೂ ಗೋಡೆಗೂ ನಡುವೆ ಇರುವ ಎಣ್ಣೆಯ ತೆಳು ಪದರ.

ಈ ಪದರ ಎಲ್ಲ ಕಡೆ ಒಂದೇ ಸಮನಾಗಿ ಇರುವುದಿಲ್ಲ. ಪಿಸ್ಟನ್ ಮೇಲಿನ ತುದಿಗೆ ಬಂದು ತಿರುಗುವ ಜಾಗದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿಯೇ ಬಿಸಿ ಹೆಚ್ಚು, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಆದ್ದರಿಂದ ಬೋರು ಮೇಲ್ಭಾಗದಲ್ಲಿ ಹೆಚ್ಚು ಸವೆಯುತ್ತದೆ, ಕೆಳಭಾಗದಲ್ಲಿ ಕಡಿಮೆ. ಕನೆಕ್ಟಿಂಗ್ ರಾಡ್ ಪಿಸ್ಟನ್ನನ್ನು ಒಂದು ಬದಿಗೆ ಒತ್ತುವುದರಿಂದ ದುಂಡಗಿದ್ದ ಬೋರು ಸ್ವಲ್ಪ ಮೊಟ್ಟೆಯಾಕಾರಕ್ಕೆ ಬರುತ್ತದೆ. ಹೆಡ್ ಬಿಚ್ಚಿ ಬೋರಿನ ಬಾಯಿಯ ಹತ್ತಿರ ಬೆರಳಾಡಿಸಿದಾಗ ಉಗುರಿಗೆ ಒಂದು ಮೆಟ್ಟಿಲಿನಂತೆ ತಾಗಿದರೆ ಸವೆತ ಸಾಕಷ್ಟು ಆಗಿದೆ ಎಂದು ಅರ್ಥ. ಆ ಮೆಟ್ಟಿಲಿನ ಮೇಲೆ ರಿಂಗು ತಲುಪುವುದಿಲ್ಲ, ಹಾಗಾಗಿ ಅದು ಹೊಸದರಂತೆಯೇ ಉಳಿದಿರುತ್ತದೆ.

ನಮ್ಮ ಕಡೆ ಸವೆತವನ್ನು ಹೆಚ್ಚಿಸುವ ಕಾರಣಗಳು ಹಲವು. ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಏರ್ ಫಿಲ್ಟರ್ ಹರಿದಿದ್ದರೆ ಆ ಧೂಳು ನೇರವಾಗಿ ಒಳಗೆ ಹೋಗಿ ಅರದಂತೆ ಕೆಲಸ ಮಾಡುತ್ತದೆ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಉರಿಯದ ಸೀಮೆಎಣ್ಣೆ ರಿಂಗು ದಾಟಿ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ನೀರಾಗಿಸುತ್ತದೆ. ಗಾಳಿಯಿಂದ ತಂಪಾಗುವ ಎಂಜಿನಿನ ರೆಕ್ಕೆಗಳ ನಡುವೆ ಹುಲ್ಲು, ಮಣ್ಣು ಕೂತರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆಯ ಮೂಲೆಗೆ ತಳ್ಳಿದ ಸ್ಪ್ರೇಯರಿನ ಬೋರಿಗೆ ತುಕ್ಕು ಹಿಡಿಯುತ್ತದೆ.

ಬೋರೇ ಕಾರಣವೇ?

ಎಂಜಿನ್ ಸ್ಟಾರ್ಟ್ ಆಗದಿದ್ದರೆ, ಶಕ್ತಿ ಕಡಿಮೆಯಾದರೆ ಕೂಡಲೇ ಬೋರು ಸವೆದಿದೆ ಎಂದು ಹೇಳಲಾಗದು. ವಾಲ್ವ್ ಸರಿಯಾಗಿ ಕೂರದಿರುವುದು, ಹೆಡ್ ಗ್ಯಾಸ್ಕೆಟ್ ಹೋಗಿರುವುದು, ಡೀಸೆಲ್ ಎಂಜಿನಿನಲ್ಲಿ ನಾಝಲ್ ಕೆಟ್ಟಿರುವುದು ಇವೂ ಕಾರಣವಾಗಬಹುದು. ಇವೆಲ್ಲ ಕಡಿಮೆ ಖರ್ಚಿನಲ್ಲಿ ಸರಿಯಾಗುವ ದೋಷಗಳು.

ಪೆಟ್ರೋಲ್ ಅಥವಾ ಸೀಮೆಎಣ್ಣೆ ಎಂಜಿನಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಹಗ್ಗ ಎಳೆಯುವಾಗ ಹಿಡಿತವೇ ಇಲ್ಲದೆ ಸಲೀಸಾಗಿ ಬಂದರೆ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ, ಪ್ಲಗ್ ಪುನಃ ಕೂರಿಸಿ ಎಳೆಯಬೇಕು. ಈಗ ಹಿಡಿತ ಬಂದರೆ ಎಣ್ಣೆ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ ಎಂದರ್ಥ. ತೊಂದರೆ ರಿಂಗಿನಲ್ಲೋ ಬೋರಿನಲ್ಲೋ ಇದೆ. ಏನೂ ಬದಲಾವಣೆ ಆಗದಿದ್ದರೆ ಮೊದಲು ವಾಲ್ವ್ ಮತ್ತು ಗ್ಯಾಸ್ಕೆಟ್ ನೋಡಬೇಕು. ನೀಲಿ ಹೊಗೆ, ಆಗಾಗ ಎಣ್ಣೆ ಕಡಿಮೆಯಾಗುವುದು, ಬ್ರೀದರ್ ಕೊಳವೆಯಿಂದ ಹೊಗೆ ಬರುವುದು ಇವು ಬೋರು ಸವೆದುದರ ಇತರ ಲಕ್ಷಣಗಳು.

ಹೆಡ್ ಬಿಚ್ಚಿದ ಮೇಲೆ ಅಳತೆ ಮಾಡಲೇಬೇಕು. ಒಳ್ಳೆಯ ವರ್ಕ್‌ಶಾಪಿನಲ್ಲಿ ಡಯಲ್ ಬೋರ್ ಗೇಜ್ ಇರುತ್ತದೆ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಜಾಗಗಳಲ್ಲಿ, ಪ್ರತಿ ಜಾಗದಲ್ಲೂ ಎರಡು ದಿಕ್ಕುಗಳಲ್ಲಿ ಅಳೆಯುತ್ತಾರೆ. ಗೇಜ್ ಇಲ್ಲದಿದ್ದರೂ ಒಂದು ಹೊಸ ರಿಂಗು ಮತ್ತು ಫೀಲರ್ ಗೇಜ್ ಸಾಕು. ರಿಂಗನ್ನು ಬೋರಿನ ತೀರಾ ಕೆಳಗೆ, ಸವೆಯದ ಜಾಗದಲ್ಲಿ ನೇರವಾಗಿ ಇಟ್ಟು ಅದರ ಎರಡು ತುದಿಗಳ ನಡುವಿನ ಸಂದು ಅಳೆಯಿರಿ. ಆಮೇಲೆ ಅದೇ ರಿಂಗನ್ನು ಮೇಲಿನ ಮೆಟ್ಟಿಲಿನ ಸ್ವಲ್ಪ ಕೆಳಗೆ ಇಟ್ಟು ಪುನಃ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರು ಎಷ್ಟು ಅಗಲವಾಗಿದೆ ಎಂದು ಸಿಗುತ್ತದೆ. ಉದಾಹರಣೆಗೆ ಕೆಳಗೆ 0.30, ಮೇಲೆ 0.90 ಮಿಲಿಮೀಟರ್ ಇದ್ದರೆ ವ್ಯತ್ಯಾಸ 0.60, ಸವೆತ ಸುಮಾರು 0.19 ಮಿಲಿಮೀಟರ್. ಎಷ್ಟರ ತನಕ ನಡೆಯುತ್ತದೆ ಎಂಬುದು ಆಯಾ ಕಂಪೆನಿಯ ಕೈಪಿಡಿಯಲ್ಲಿ ಇರುತ್ತದೆ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಇಲ್ಲಿ ಸಾವಿರಾರು ರೂಪಾಯಿ ಉಳಿಸಬಲ್ಲುದು.

ಮೂರು ದಾರಿಗಳು

ಸವೆತ ಅತ್ಯಲ್ಪವಾಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಿದರೆ ಸಾಕು. ಹೋನಿಂಗ್ ಎಂದರೆ ಸಾಣೆಕಲ್ಲುಗಳಿರುವ ಉಪಕರಣವನ್ನು ತಿರುಗಿಸುತ್ತಾ ಬೋರಿನ ಗೋಡೆಯ ಮೇಲೆ ಒಂದಕ್ಕೊಂದು ಅಡ್ಡವಾದ ಸಣ್ಣ ಗೀರುಗಳನ್ನು ಮೂಡಿಸುವುದು. ಕನ್ನಡಿಯಂತೆ ನುಣುಪಾದ ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ. ಈ ಗೀರುಗಳಲ್ಲಿ ನಿಲ್ಲುತ್ತದೆ.

ಸವೆತ ಮಿತಿ ಮೀರಿದ್ದರೆ ರಿಬೋರ್. ಯಂತ್ರದಲ್ಲಿ ಬೋರನ್ನು ಪುನಃ ದುಂಡಗೆ ಕೊರೆದು, ಅದಕ್ಕೆ ತಕ್ಕ ದೊಡ್ಡ ಅಳತೆಯ ಪಿಸ್ಟನ್ ಹಾಕುವುದು. ಇಂಥ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75 ಮತ್ತು 1.00 ಮಿಲಿಮೀಟರ್ ಹೆಚ್ಚಿನ ಅಳತೆಗಳಲ್ಲಿ ಬರುತ್ತವೆ. ಇಲ್ಲಿ ಮರೆಯಬಾರದ ಮಾತು ಒಂದು: ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಬೋರು ಕೊರೆಯಬೇಕು. ಬೋರು ಕೊರೆದಾದ ಮೇಲೆ ಆ ಅಳತೆಯ ಪಿಸ್ಟನ್ ಸಿಗದಿದ್ದರೆ ಬ್ಲಾಕು ಲೇತಿನವರ ಮೂಲೆಯಲ್ಲಿ ಬಿದ್ದಿರುತ್ತದೆ. ಕೈಯಲ್ಲಿರುವ ಪಿಸ್ಟನ್ ಅಳೆದು, ಕಂಪೆನಿ ಹೇಳಿದಷ್ಟು ಸಂದು ಬಿಟ್ಟು ಕೊರೆಯುವುದೇ ಕ್ರಮ.

ಮೂರನೆಯದು ಸ್ಲೀವ್ ಅಥವಾ ಲೈನರ್. ರಿಬೋರಿನ ಕೊನೆಯ ಅಳತೆಯೂ ಮುಗಿದಿದ್ದರೆ, ಅಥವಾ ಗೋಡೆಯಲ್ಲಿ ಆಳವಾದ ಗೀರು ಬಿದ್ದಿದ್ದರೆ, ಬೋರನ್ನು ಇನ್ನಷ್ಟು ದೊಡ್ಡದು ಮಾಡಿ ಅದರೊಳಗೆ ಬೀಡು ಕಬ್ಬಿಣದ ಕೊಳವೆಯನ್ನು ಒತ್ತಿ ಕೂರಿಸಿ, ಮೂಲ ಅಳತೆಗೇ ಕೊರೆಯುತ್ತಾರೆ. ಎಂಜಿನ್ ಪುನಃ ಮೊದಲ ದಿನದ ಅಳತೆಗೆ ಬರುತ್ತದೆ. ನೀರಿನಿಂದ ತಂಪಾಗುವ ಹಲವು ಡೀಸೆಲ್ ಎಂಜಿನುಗಳಲ್ಲಿ ಕಂಪೆನಿಯೇ ಬದಲಾಯಿಸಬಹುದಾದ ಲೈನರ್ ಇಟ್ಟಿರುತ್ತದೆ. ಅದರ ಹೊರಮೈಗೆ ನೀರು ತಾಗುವುದರಿಂದ ಅದಕ್ಕೆ ವೆಟ್ ಲೈನರ್ ಎನ್ನುತ್ತಾರೆ. ಇದಕ್ಕೆ ಕೊರೆಯುವ ಕೆಲಸವೇ ಇಲ್ಲ. ಹಳತನ್ನು ಎಳೆದು, ಹೊಸ ರಬ್ಬರ್ ರಿಂಗು ಸಮೇತ ಹೊಸತನ್ನು ಕೂರಿಸಿದರೆ ಆಯಿತು.

80 ಮಿಲಿಮೀಟರ್ ಬೋರನ್ನು 0.50 ಅಳತೆಗೆ ಕೊರೆದರೆ ಹೊರಬರುವ ಕಬ್ಬಿಣದ ಪುಡಿ 50-60 ಗ್ರಾಂ ಅಷ್ಟೆ. ಅಷ್ಟು ಲೋಹ ಕಳೆದರೆ ಸರಿಯಾಗುವ ಎಂಜಿನನ್ನು ಇಡಿಯಾಗಿ ಗುಜರಿಗೆ ತೂಗುವುದೇ ಎಂದು ಯೋಚಿಸಬೇಕಾದ್ದು ಇಲ್ಲಿ.

ಹುಲ್ಲು ಕೊಚ್ಚುವ ಯಂತ್ರದ ಕತೆ ಬೇರೆ

ಈ ಲೆಕ್ಕ ಬೀಡು ಕಬ್ಬಿಣದ ಬೋರಿಗೆ ಮಾತ್ರ ಸರಿ. ಹುಲ್ಲು ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸಗಳ ಒಳ್ಳೆಯ ಕಂಪೆನಿಗಳ ಟೂ ಸ್ಟ್ರೋಕ್ ಎಂಜಿನುಗಳಲ್ಲಿ ಸಿಲಿಂಡರ್ ಅಲ್ಯುಮಿನಿಯಮ್ಮಿನದ್ದು. ಅದರ ಒಳಗೋಡೆಗೆ ಕ್ರೋಮಿಯಂ ಅಥವಾ ನಿಕಲ್-ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪನ ಇರುತ್ತದೆ. ಲೇಪನ ತೀರಾ ತೆಳು. ರಿಬೋರ್ ಮಾಡಲು ಹೊರಟರೆ ಮೊದಲ ಸುತ್ತಿನಲ್ಲೇ ಲೇಪನ ಹೋಗಿ ಮೆತ್ತನೆಯ ಅಲ್ಯುಮಿನಿಯಂ ಹೊರಬರುತ್ತದೆ. ಇಂಥ ಸಿಲಿಂಡರನ್ನು ರಿಬೋರ್ ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಯಂತ್ರ ಕೊಡಬಾರದು.

ಆದರೆ ಒಂದು ವಿಷಯ ಗಮನಿಸಬೇಕು. ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿ ಎಂಜಿನ್ ಹಿಡಿದುಕೊಂಡಾಗ ಹೆಚ್ಚಾಗಿ ಹಾಳಾಗುವುದು ಪಿಸ್ಟನ್. ಅದರ ಅಲ್ಯುಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ನೋಡಿದವರಿಗೆ ಸಿಲಿಂಡರೇ ಹೋದಂತೆ ಕಾಣುತ್ತದೆ. ತಿಳಿದ ಮೆಕ್ಯಾನಿಕ್ ಆ ಮೆತ್ತಿದ ಲೋಹವನ್ನು ಆಸಿಡ್ ಬಳಸಿ ಜಾಗ್ರತೆಯಿಂದ ತೆಗೆದಾಗ ಅಡಿಯ ಲೇಪನ ಗಟ್ಟಿಯಾಗಿಯೇ ಇದ್ದರೆ ಪಿಸ್ಟನ್ ಮತ್ತು ರಿಂಗು ಬದಲಿಸಿದರೆ ಸಾಕು. ಇದು ಮನೆಯಲ್ಲಿ ಪ್ರಯೋಗ ಮಾಡುವ ಕೆಲಸವಲ್ಲ. ಲೇಪನ ಎದ್ದ ಕಡೆ ಆಸಿಡ್ ತಾಗಿದರೆ ಸಿಲಿಂಡರೂ ಕರಗುತ್ತದೆ, ಕೈ-ಕಣ್ಣಿಗೂ ಅಪಾಯ. ಲೇಪನ ಎದ್ದಿದ್ದರೆ ಹೊಸ ಸಿಲಿಂಡರೇ ಗತಿ.

ಈ ಲೇಪನದ ಹಿಂದೆ ಒಂದು ಇತಿಹಾಸವಿದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ರೋಟರಿ ಎಂಜಿನಿನಲ್ಲಿ ಪಿಸ್ಟನ್ ಇಲ್ಲ. ನಡು ಸಪುರವಾದ ಕೋಣೆಯೊಂದರಲ್ಲಿ ಮೂರು ಮೂಲೆಯ ರೋಟರ್ ತಿರುಗುತ್ತದೆ. ಎನ್‌ಎಸ್‌ಯು ಕಂಪೆನಿಯಲ್ಲಿ 1957ರಲ್ಲಿ ಮೊದಲ ಮಾದರಿ ಓಡಿತು. ಜಪಾನಿನ ಮಾಜ್ಡಾ 1967ರಲ್ಲಿ ಅಂಥ ಎಂಜಿನಿನ ಕಾಸ್ಮೋ ಕಾರನ್ನು ಮಾರುಕಟ್ಟೆಗೆ ತಂದಿತು. ರೋಟರಿನ ಮೂಲೆಯ ಸೀಲುಗಳು ಕೋಣೆಯ ಗೋಡೆಗೆ ಸದಾ ಉಜ್ಜುವುದರಿಂದ ಗೋಡೆಯ ಸವೆತವೇ ಅದರ ದೊಡ್ಡ ಸಮಸ್ಯೆಯಾಯಿತು. ಅದಕ್ಕೆ ಪರಿಹಾರ ಹುಡುಕುವಾಗ ಜರ್ಮನಿಯ ಮಾಲೆ ಕಂಪೆನಿ 1967ರಲ್ಲಿ ತಂದದ್ದೇ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನ.

ರೋಟರಿ ಕಾರಿನ ಹಳೆಯ ಕೋಣೆಗಳನ್ನು ಎಸೆಯದೆ ಹೊಸತು ಮಾಡುವ ಕೆಲಸ ವಿದೇಶಗಳಲ್ಲಿ ನಡೆಯುತ್ತದೆ. ಮಾಜ್ಡಾ ಕೋಣೆಯ ಸವೆದ ಕ್ರೋಮಿಯಮನ್ನು ತೆಗೆದು, ಪುನಃ ಲೇಪಿಸಿ, ಅಳತೆಗೆ ಸರಿಯಾಗಿ ಸಾಣೆ ಹಿಡಿಯಬೇಕು. ಕೋಣೆ ದುಂಡಗಿಲ್ಲದ ಕಾರಣ ನಮ್ಮ ಲೇತ್ ಅಥವಾ ಬೋರಿಂಗ್ ಯಂತ್ರ ಅಲ್ಲಿ ನಡೆಯದು; ಆ ಆಕಾರವನ್ನೇ ಹಿಂಬಾಲಿಸುವ ವಿಶೇಷ ಯಂತ್ರ ಬೇಕು. ಹೊಸ ಕೋಣೆ ದುಬಾರಿಯಾದ್ದರಿಂದ ಅಷ್ಟು ಕಷ್ಟಪಟ್ಟರೂ ಅಲ್ಲಿ ಲಾಭವಿದೆ. ಅದರ ಎದುರಿಗೆ ನಮ್ಮ ಪಂಪಿನ ಎಂಜಿನಿನ ದುಂಡು ಬೋರು ಎಷ್ಟೋ ಸುಲಭ.

ಯಾವಾಗ ಹೊಸತೇ ಲೇಸು

ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕನ್ನು ಒಡೆದಿದ್ದರೆ, ಬೋರಿನ ಜೊತೆ ಕ್ರ್ಯಾಂಕ್ ಶಾಫ್ಟ್, ಬೇರಿಂಗ್, ವಾಲ್ವ್ ಎಲ್ಲವೂ ಸವೆದಿದ್ದರೆ, ಆ ಮಾದರಿಯ ಸ್ಪೇರ್ ಬರುವುದೇ ನಿಂತಿದ್ದರೆ ರಿಪೇರಿಗೆ ಹಣ ಸುರಿಯುವುದು ಬೇಡ. ಒಟ್ಟು ಖರ್ಚು ಹೊಸ ಎಂಜಿನಿನ ಬೆಲೆಯ ಅರ್ಧ ದಾಟುವಂತಿದ್ದರೆ ಎರಡು ಸಲ ಯೋಚಿಸಬೇಕು. ಹೊಸ ಯಂತ್ರಕ್ಕೆ ಸಹಾಯಧನ ಸಿಗುತ್ತದೆಯೇ ಎಂದು ಕೃಷಿ ಭವನದಲ್ಲಿ ವಿಚಾರಿಸಿ, ಅದನ್ನು ಕಳೆದು ಹೋಲಿಸಬೇಕು.

ಗಡಿಭಾಗದ ಕೃಷಿಕರಿಗೆ ಉಪ್ಪಳ, ಕಾಸರಗೋಡಿನ ಜೊತೆಗೆ ವಿಟ್ಲ, ಪುತ್ತೂರು, ಮಂಗಳೂರಿನ ವರ್ಕ್‌ಶಾಪುಗಳೂ ದೂರವಲ್ಲ. ಎರಡೂ ಕಡೆ ಕೇಳಿ ನೋಡಬಹುದು. ಆದರೆ ಬರೇ "ಎಂಜಿನ್ ಪಣಿ" ಎಂಬ ಒಂದು ಮಾತಿಗೆ ಒಪ್ಪಬಾರದು. ಆ ಮಾತಿನಲ್ಲಿ ರಿಂಗು ಬದಲಿಸುವುದೂ ಬರುತ್ತದೆ, ಕ್ರ್ಯಾಂಕ್ ಸಾಣೆ ಹಿಡಿಯುವುದೂ ಬರುತ್ತದೆ. ಬೋರಿನ ಅಳತೆ ಎಷ್ಟಿತ್ತು, ಎಷ್ಟಕ್ಕೆ ಕೊರೆಯಲಾಗುತ್ತದೆ, ಯಾವ ಯಾವ ಸ್ಪೇರ್, ಕೂಲಿ ಎಷ್ಟು ಎಂದು ಬಿಡಿ ಬಿಡಿಯಾಗಿ ಬರೆಸಿಕೊಳ್ಳಬೇಕು. ತೆಗೆದ ಹಳೆಯ ಪಿಸ್ಟನ್, ರಿಂಗು ವಾಪಸು ಕೇಳಬೇಕು. ಹೊಸ ಪಿಸ್ಟನ್ನಿನ ತಲೆಯ ಮೇಲೆ ಸಾಮಾನ್ಯವಾಗಿ ಅಳತೆ ಅಚ್ಚಾಗಿರುತ್ತದೆ. ಜೋಡಿಸುವ ಮೊದಲು ಅದನ್ನು ನೋಡಬೇಕು.

ಕೊರೆದ ಬೋರನ್ನು ಸೀಮೆಎಣ್ಣೆಯಲ್ಲಿ ಒರಸಿದರೆ ಸಾಲದು. ಸಾಣೆಯ ಪುಡಿ ಗೀರುಗಳಲ್ಲಿ ಉಳಿಯುತ್ತದೆ. ಬಿಸಿನೀರು, ಸಾಬೂನು ಹಾಕಿ ಬ್ರಷ್‌ನಿಂದ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಇದೊಂದು ಕೆಲಸ ತಪ್ಪಿದ್ದರಿಂದಲೇ ರಿಬೋರ್ ಆದ ಎಂಜಿನ್ ಒಂದೇ ಹಂಗಾಮಿನಲ್ಲಿ ಪುನಃ ಹೊಗೆ ಬಿಡುವುದುಂಟು. ಜೋಡಿಸಿದ ಮೇಲೆ ಮೊದಲ ಕೆಲವು ಗಂಟೆ ಪೂರ್ತಿ ಭಾರ ಹಾಕದೆ, ಹಾಗೆಂದು ಭಾರವೇ ಇಲ್ಲದೆ ಗಂಟೆಗಟ್ಟಲೆ ಓಡಿಸದೆ, ಹದವಾಗಿ ನಡೆಸಿ, ಮೊದಲ ಎಣ್ಣೆಯನ್ನು ಬೇಗನೆ ಬದಲಿಸಬೇಕು.

ಸ್ಪ್ರೇಯರನ್ನು ಪರೀಕ್ಷಿಸುವ ಕಾಲ ಮೇ ಕೊನೆಯಲ್ಲ. ಹಂಗಾಮು ಮುಗಿದ ಕೂಡಲೇ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಹಾಕಿ ನಿಧಾನವಾಗಿ ಎರಡು ಸಲ ಹಗ್ಗ ಎಳೆದು ಇಟ್ಟರೆ ತುಕ್ಕು ಹಿಡಿಯುವುದಿಲ್ಲ. ಜನವರಿ-ಫೆಬ್ರವರಿಯಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿದರೆ ದೋಷ ಇದ್ದಲ್ಲಿ ಪಿಸ್ಟನ್ ತರಿಸಲು, ಬೋರು ಕೊರೆಸಲು ಬೇಕಾದಷ್ಟು ಸಮಯವಿರುತ್ತದೆ. ಮಳೆ ಬಂದ ಮೇಲೆ ಅವಸರದಲ್ಲಿ ವರ್ಕ್‌ಶಾಪಿಗೆ ಓಡುವವರಿಗೆ ಅಳತೆ ಮಾಡಿಸುವ ವ್ಯವಧಾನ ಇರುವುದಿಲ್ಲ. ಕೇಳಿದಷ್ಟು ಕೊಟ್ಟು ಹೊಸತು ತರುವುದೊಂದೇ ಆಗ ಉಳಿಯುವ ದಾರಿ.